ಹಡಗು ಹತ್ತಿದ ಗೋಡೆ

ಚಿನ್ನಿ, ಧನು,

ನಾನು ಹಾಲೆಂಡಿನಿಂದ ಬಂದಾಗಿನಿಂದ ನೀವಿಬ್ಬರೂ ಕೇಳುವುದು ಗಾಳಿಗಿರಣಿಯ ವಿಷಯ, ಚೀಸಿನ ವಿಷಯ. ಗಾಳಿಗಿರಣಿ ನೋಡಿದೆ, ದೂರದಿಂದ. ಚೀಸ್ ತಿಂದೆ, ಒಂದೇ ತುಂಡು. ಆದರೆ ಚಿನ್ನಿ ಕೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಪ್ರಶ್ನೆ ಬೇರೆ ಇದೆ. ಅಷ್ಟು ದೂರದಿಂದ ಫೋನ್ ಮಾಡಿ ತನ್ನ ಬೇಳೆ ಡಬ್ಬಿಯನ್ನು ಅಜ್ಜಿ ಏಕೆ ಕಿತ್ತುಕೊಳ್ಳಿಸಿದಳು ಎಂಬುದು. ಅದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಿಮ್ಮ ಮುಂದೆಯೂ ನಾಲ್ಕು ಮಾತು ಒಟ್ಟಿಗೆ ಆಡುವಾಗ ನನ್ನ ಕೈ ಸೆರಗು ಹುಡುಕುತ್ತದೆ. ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಉಳಿದಿದೆ, ಅದರಲ್ಲಿ ಬರೆಯುತ್ತೇನೆ. ನೀವು ತಮಿಳು, ಇಂಗ್ಲಿಷ್ ಓದುವ ಮಕ್ಕಳು. ಎಲ್ಲಿ ಎಡವಿದರೂ ನಿಮ್ಮಪ್ಪ ಓದಿ ಹೇಳಲಿ.

ಸೂಳಗಿರಿ

ನಮ್ಮೂರಿನ ಹೆಂಗಸರ ಸಂಘ ತೊಗರಿ ಬೇಳೆ ಮಾಡುವುದನ್ನು ನೀವು ರಜದಲ್ಲಿ ನೋಡಿದ್ದೀರಿ. ಕಾಳು ನೆನೆಸುತ್ತೇವೆ, ಕೆಮ್ಮಣ್ಣಿನ ಕದಡಿನಲ್ಲಿ ಕಲಸುತ್ತೇವೆ, ರಾಶಿ ಹಾಕಿ ಮಾರನೆಯ ದಿನದಿಂದ ಬಿಸಿಲಿಗೆ ಒಣಗಿಸುತ್ತೇವೆ. ಆಮೇಲೆ ಮಣ್ಣು ಉಜ್ಜಿ, ಕೇರಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತೇವೆ. ಇದಕ್ಕೆ ಮಣ್ಣು ಕಟ್ಟುವುದು ಎನ್ನುತ್ತೇವೆ. ಮಣ್ಣು ಕಟ್ಟಿದ ಕಾಳು ಸಿಪ್ಪೆಯನ್ನು ಸಲೀಸಾಗಿ ಬಿಡುತ್ತದೆ, ಬೇಳೆಗೆ ಹುಳ ಬೀಳುವುದಿಲ್ಲ, ಸಾರಿಗೆ ಒಂದು ಘಮ ಬರುತ್ತದೆ. ಎಷ್ಟು ಉಜ್ಜಿದರೂ ಬೇಳೆಯ ಮೈಮೇಲೆ ತೆಳ್ಳಗೆ ಕೆಂಪು ಉಳಿದೇ ಇರುತ್ತದೆ.

ಆ ಕೆಂಪು ಚಿನ್ನಿಗೆ ಇಷ್ಟ. ಡಬ್ಬಿಯ ಮುಚ್ಚಳ ತೆಗೆದು ಮೂಗಿಟ್ಟು, "ಮಳೆ ವಾಸ್ನೆ" ಎಂದು ಹೇಳಿ, ಒಂದು ಹಿಡಿ ಹಸಿ ಬೇಳೆಯನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡು ದಿನವೆಲ್ಲ ಕುಟುಕುತ್ತಿದ್ದಳು. ನಿಮ್ಮಮ್ಮ ಬೈದರೆ ನಾನೇ ಅಡ್ಡ ಬರುತ್ತಿದ್ದೆ.

ಹಿಂದೆ ಕೆಮ್ಮಣ್ಣು ತರುತ್ತಿದ್ದುದು ಗುಟ್ಟೆಯ, ಅಂದರೆ ಊರಾಚೆಯ ಸಣ್ಣ ಬೆಟ್ಟದ, ಪಕ್ಕದ ಗುಂಡಿಯಿಂದ. ಅಲ್ಲಿ ಈಗ ಯಾವುದೋ ಕಾರ್ಖಾನೆಯ ತಗಡಿನ ಶೆಡ್ಡು ಎದ್ದಿದೆ, ಸುತ್ತ ಬೇಲಿ. ಈ ವರ್ಷ ಮಣ್ಣಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ನನ್ನ ವಾರಗಿತ್ತಿ, ನಿಮ್ಮ ದೊಡ್ಡಜ್ಜಿ ಮುನಿಯಕ್ಕ, ತನ್ನ ಹಳೇ ಮನೆಯ ಗೋಡೆಯ ಮಣ್ಣು ಕೊಟ್ಟಳು. ಮನೆ ಕೆಡವಿ ಸಿಮೆಂಟಿನ ಮೋಲ್ಡು ಹಾಕಿಸುತ್ತಿದ್ದರು. ಹಳೇ ಗೋಡೆ ಮಣ್ಣೆಂದರೆ ನಮ್ಮ ಕಡೆ ಮರ್ಯಾದೆ ಹೆಚ್ಚು. ಹೊಲಕ್ಕೆ ಹಾಕಿದರೆ ಗೊಬ್ಬರ, ಜರಡಿ ಹಿಡಿದರೆ ಮೈದಾ ಹಿಟ್ಟಿನಂತೆ ನುಣುಪು. ನಾವೆಲ್ಲ ಅದನ್ನು ಕೈಯಲ್ಲಿ ಹಿಡಿದು ಮೆಚ್ಚಿದೆವು. ಸಂಘದ ಬೇಳೆಗೂ ಅದೇ, ಮನೆಮನೆಯ ಬೇಳೆಗೂ ಅದೇ. ಮೂಕಂಡಪಲ್ಲಿಗೆ, ನಿಮ್ಮ ಮನೆಗೆ, ನಾನು ಕಳಿಸಿದ ಚೀಲವೂ ಆ ರಾಶಿಯದೇ.

ಹಾಲೆಂಡಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಆನೆಕೆ ಎಂಬುವರು ನಮ್ಮ ಬೇಳೆಯನ್ನು ಕೇಳಿ ತರಿಸಿಕೊಂಡಿದ್ದರು. ಮಣ್ಣು ಕಟ್ಟಿದ ಬೇಳೆ ಎಂದೇ ಅವರಿಗೆ ಕುತೂಹಲ. ಬೇಳೆ ಹಡಗಿನಲ್ಲಿ ಹೋಯಿತು. ಸಂಘದಿಂದ ಇಬ್ಬರು ಬಂದು ನೋಡಿಕೊಂಡು ಹೋಗಲಿ ಎಂದು ಟಿಕೆಟ್ಟೂ ಕಳಿಸಿದರು. ಒಬ್ಬಳು ನಮ್ಮ ಸಂಘದ ಮ್ಯಾನೇಜರು ಸೆಲ್ವಿ, ಕೃಷ್ಣಗಿರಿಯ ಹುಡುಗಿ, ಇಂಗ್ಲಿಷ್ ಬಲ್ಲವಳು. ಇನ್ನೊಬ್ಬಳು ನಾನು. ನನ್ನನ್ನು ಆರಿಸಿದ್ದು ನನ್ನ ಮಾತಿನ ಚಂದಕ್ಕಲ್ಲ. ನಿಮ್ಮಪ್ಪನಿಗೆ ಒಮ್ಮೆ ಕಾರ್ಖಾನೆಯವರು ಹೊರದೇಶಕ್ಕೆ ಕಳಿಸುತ್ತೇವೆಂದು ಆಸೆ ತೋರಿಸಿದಾಗ ಅವನು ಮನೆಮಂದಿಗೆಲ್ಲ ಪಾಸ್‌ಪೋರ್ಟ್ ಮಾಡಿಸಿದ್ದ. ಅವನು ಹೋಗಲಿಲ್ಲ, ಪಾಸ್‌ಪೋರ್ಟ್ ಉಳಿಯಿತು. ಸಂಘದಲ್ಲಿ ಅದು ಇದ್ದವಳು ನಾನೊಬ್ಬಳೇ.

ಹೊರಡುವ ವಾರ ಸುದ್ದಿ ಬಂತು. ಬಂದರಿನಲ್ಲಿ ಬೇಳೆಯನ್ನು ಪರೀಕ್ಷೆ ಮಾಡಿದಾಗ ಸೀಸ ಇರಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿತಂತೆ. ಚೀಲಗಳನ್ನು ತಡೆದಿದ್ದಾರಂತೆ.

"ಸೀಸ ಅಂದ್ರೆ ಬ್ಯಾಟ್ರಿ ಒಳಗೆ ಇರ್ತೈತಲ್ಲ, ಅದಾ?" ಎಂದಳು ಮುನಿಯಕ್ಕ. "ತೊಗರೀಲಿ ಅದೆಲ್ಲಿಂದ ಬಂತೇ ನಾರಾಣಿ? ಹೋಗಿ ಕೇಳ್ಕೊಂಡ್ ಬಾ. ಇಲ್ಲಿ ಕೂತಂಗೆ ಅಲ್ಲೂ ಬಾಯಿ ಹೊಲ್ಕೊಂಡು ಕೂತ್ಕಬ್ಯಾಡ."

ವಿಮಾನದಲ್ಲಿ

ನನ್ನ ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಬಿಳಿಯ ಮನುಷ್ಯ ನಿದ್ದೆಯಲ್ಲಿ ನನ್ನ ಭುಜದ ಮೇಲೆ ತಲೆ ಇಟ್ಟ. ಎಬ್ಬಿಸಲು ಯಾವ ಭಾಷೆಯೂ ತಿಳಿಯಲಿಲ್ಲ. ಸೆಲ್ವಿ ನಕ್ಕು ನಕ್ಕು, "ಬಯಪಡಾದೀಂಗ ಅಮ್ಮ, ಹೆದರ್ಬೇಡಿ, ತಳ್ಳಿ ಅವರನ್ನ" ಎಂದಳು. ತಳ್ಳಲು ನಾಚಿಕೆಯಾಯಿತು. ಎಷ್ಟೋ ದೇಶಗಳ ಮೇಲೆ ಅವನ ತಲೆಯನ್ನು ಹೊತ್ತುಕೊಂಡೇ ಹೋದೆ. ಎದ್ದಮೇಲೆ ಆತ ಕೈ ಮುಗಿದ. ಎಲ್ಲಿ ಕಲಿತಿದ್ದನೋ.

ಊಟದ ತಟ್ಟೆಯಲ್ಲಿ ಬೇಯಿಸಿದ ಕಾಳನ್ನು ತಣ್ಣಗೆ, ಹುಳಿ ಹಿಂಡಿ ಇಟ್ಟಿದ್ದರು. ಒಗ್ಗರಣೆ ಇಲ್ಲ, ಬಿಸಿ ಇಲ್ಲ. ಕಾಳು ಮಾತ್ರ ಒಳ್ಳೆಯದಿತ್ತು. ಒಂದನ್ನು ಬೆರಳಲ್ಲಿ ಹಿಸುಕಿ ನೋಡಿದೆ. ಯಾವ ಊರಿನ ಹೊಲದ್ದೋ, ಅದಕ್ಕೂ ಯಾರೋ ಪರೀಕ್ಷೆ ಮಾಡಿ ಸರಿ ಎಂದಿರಬೇಕು ಅನ್ನಿಸಿತು.

ರಾಟರ್‌ಡ್ಯಾಮ್

ಊರೊಳಗೆ ಕಾಲಿಟ್ಟ ಕೂಡಲೇ ಒಂದು ತಪ್ಪು ಮಾಡಿದೆ. ರಸ್ತೆಯ ಪಕ್ಕದಲ್ಲಿ ನಮ್ಮ ಕೆಮ್ಮಣ್ಣಿನ ಬಣ್ಣದ ಒಂದು ದಾರಿ ಇತ್ತು. ಕಪ್ಪು ರಸ್ತೆ, ಬೂದು ಕಲ್ಲು, ಇವುಗಳ ನಡುವೆ ಅದೊಂದೇ ಪರಿಚಯದ್ದು ಎನ್ನಿಸಿ ಅದರ ಮೇಲೆ ನಿಂತೆ. ನಾಲ್ಕೂ ಕಡೆಯಿಂದ ಗಂಟೆಗಳು ಮೊಳಗತೊಡಗಿದವು. ಅದು ಸೈಕಲ್ಲಿನವರ ದಾರಿಯಂತೆ. ಕೋಟು ತೊಟ್ಟ ನನ್ನ ವಯಸ್ಸಿನ ಹೆಂಗಸೊಬ್ಬಳು ಸೈಕಲ್ ಮೇಲೆ ನನ್ನನ್ನು ಸುತ್ತಿಕೊಂಡು ಹೋಗುತ್ತಾ ಏನೋ ಅಂದಳು. ಬೈದಳೋ, ಹರಸಿದಳೋ ತಿಳಿಯಲಿಲ್ಲ. ಆ ವಯಸ್ಸಿನಲ್ಲಿ ಸೀರೆ ನೆರಿಗೆಯ ಚಿಂತೆಯಿಲ್ಲದೆ ಸೈಕಲ್ ತುಳಿಯುವುದನ್ನು ನೋಡುತ್ತಾ ನಿಂತಿದ್ದೆ. ಸೆಲ್ವಿ ತೋಳು ಹಿಡಿದು ಎಳೆದಳು.

ಬಂದರಿನ ಗೋದಾಮಿಗೆ ಆನೆಕೆ ಕರೆದುಕೊಂಡು ಹೋದರು. ಎತ್ತರದ ಹೆಂಗಸು, ಬಿಳಿಗೂದಲು, ನಡೆಯುವುದೇ ಓಡಿದಂತೆ. ಗೋದಾಮಿನಲ್ಲಿ ಲೋಕದ ಕಾಳೆಲ್ಲ ಇತ್ತು. ನಮ್ಮ ಚೀಲಗಳು ಮಾತ್ರ ಒಂದು ಮೂಲೆಯಲ್ಲಿ, ಹಳದಿ ಪಟ್ಟಿಯ ಆಚೆ ಬೇರೆ ಇದ್ದವು. ಅವುಗಳ ಬಾಯಿ ಹೊಲಿದದ್ದು ನಾನು. ನನ್ನ ಹೊಲಿಗೆ ನನಗೆ ದೂರದಿಂದಲೇ ಗುರುತು ಸಿಕ್ಕಿತು. ಮುಟ್ಟಲು ಹೋದೆ. ಪಟ್ಟಿ ದಾಟಬಾರದು ಎಂದರು.

ನನಗೆ ಒಂದು ಉಪಾಯ ಹೊಳೆಯಿತು. ಸೆಲ್ವಿಯ ಕಿವಿಯಲ್ಲಿ ಹೇಳಿದೆ. ಮನೆಯಲ್ಲಿ ಅಕ್ಕಿಗೆ ಮುಗ್ಗಲು ವಾಸನೆ ಬಂದರೆ ಹೊಸ ಅಕ್ಕಿಯ ಜೊತೆ ಬೆರೆಸುತ್ತೇವೆ, ಹಂಚಿಹೋಗುತ್ತದೆ. ಹಾಗೆ ಇದನ್ನೂ ಬೇರೆ ಒಳ್ಳೆಯ ಬೇಳೆಯ ಜೊತೆ ಬೆರೆಸಿದರೆ?

ಆನೆಕೆ ಕೇಳಿಸಿಕೊಂಡು ತಲೆಯಾಡಿಸಿದರು. ಸೆಲ್ವಿ ಅವರ ಮಾತನ್ನು ಹೇಳಿದಳು: "ಅದೇ ಮಾಡ್ಬಾರ್ದಂತಮ್ಮ. ಕೆಟ್ಟದ್ದನ್ನ ಒಳ್ಳೇದ್ರಲ್ಲಿ ಕಲಿಸಿ ಕಮ್ಮಿ ಮಾಡೋದು ಇಲ್ಲಿ ಕಾನೂನಿಗೆ ತಪ್ಪು. ಹಂಗಾದ್ರೆ ಒಳ್ಳೇದು ಅನ್ನೋದೇ ಉಳಿಯಲ್ಲ ಅಂತಾರೆ."

ಈ ಮಾತನ್ನು ನಾನು ಇವತ್ತಿಗೂ ಮೆಲುಕು ಹಾಕುತ್ತೇನೆ.

ಆನೆಕೆಯ ಅಡುಗೆಮನೆ

ನಾವು ಉಳಿದದ್ದು ಅವರ ಮನೆಯಲ್ಲೇ, ಪಕ್ಕದ ಒಂದು ಹಳೆಯ ಪಟ್ಟಣದಲ್ಲಿ. ಅಲ್ಲಿನ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಯಾರು ಏನು ಉಣ್ಣುತ್ತಿದ್ದಾರೆ ಎಂದು ಕಾಣುತ್ತದೆ. ನಾನು ತಲೆ ತಗ್ಗಿಸಿ ನಡೆದೆ, ಆದರೂ ನೋಡಿದೆ. ಇನ್ನೊಂದು ವಿಚಿತ್ರ: ಕಕ್ಕಸಿನ ಗೋಡೆಯ ಮೇಲೆ ಕ್ಯಾಲೆಂಡರು. ಅದರಲ್ಲಿ ನೆಂಟರಿಷ್ಟರ ಹುಟ್ಟುಹಬ್ಬಗಳನ್ನು ಬರೆದಿಡುತ್ತಾರೆ. ದಿನಾ ಕೂತಾಗ ನೆನಪಾಗಲಿ ಎಂದಂತೆ. ನಮ್ಮ ಕಡೆ ಕ್ಯಾಲೆಂಡರಿನಲ್ಲಿ ದೇವರಿರುತ್ತಾನೆ, ಅಲ್ಲಿಗೆ ಒಯ್ಯುವ ಮಾತೇ ಇಲ್ಲ. ಆನೆಕೆ ನನ್ನ ಹುಟ್ಟಿದ ದಿನ ಕೇಳಿದರು. ರಾಗಿ ಕೊಯ್ಲಿನ ಕಾಲ ಎಂದೆ. ಬರೆದುಕೊಳ್ಳಲಾಗದೆ ಪೆನ್ನು ಹಿಡಿದು ನಿಂತರು.

ಸಂಜೆ ಅವರು ಚನ್ನಂಗಿಯಂಥ ಕಂದು ಕಾಳಿನ ಗಂಜಿ ಮಾಡಿದರು. ಒಲೆಯ ಮೇಲೆ ನೀರು ಮರಳುತ್ತಿತ್ತು. ಆಕೆ ಅಂಗಡಿಯ ಪೊಟ್ಟಣವನ್ನು ಕತ್ತರಿಸಿ, ನೇರವಾಗಿ ಪಾತ್ರೆಗೆ ಸುರಿಯಲು ಹೋದರು. ಆರಿಸಲಿಲ್ಲ, ತೊಳೆಯಲಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಗಿ ಅವರ ಮಣಿಕಟ್ಟು ಹಿಡಿಯಿತು. ಹಿಡಿದ ಮೇಲೆ ನಾಚಿಕೆಯಾಗಿ ಬಿಟ್ಟುಬಿಟ್ಟೆ.

"ಯಾಕೆ ಅಂತ ಕೇಳ್ತವ್ರೆ" ಎಂದಳು ಸೆಲ್ವಿ.

"ತೊಳಿಯಲ್ವಾ ಅಂತ ಕೇಳು."

ಆನೆಕೆ ಪೊಟ್ಟಣವನ್ನು ತಿರುಗಿಸಿ ನೋಡಿದರು. ಶುದ್ಧವಾಗಿಯೇ ಬಂದಿರುವುದನ್ನು ಮತ್ತೆ ಏಕೆ ತೊಳೆಯಬೇಕು ಎಂದು ಅವರ ಪ್ರಶ್ನೆ. ನಮ್ಮಲ್ಲಿ ಬೇಳೆಯನ್ನು ನೀರು ತಿಳಿಯಾಗುವವರೆಗೆ ತೊಳೆಯುತ್ತೇವೆ, ಆ ಕೆಂಪು ನೀರನ್ನು ಗಿಡಕ್ಕೆ ಚೆಲ್ಲುತ್ತೇವೆ ಎಂದು ಸೆಲ್ವಿ ಹೇಳಿದಳು. ಆನೆಕೆ ಪಾತ್ರೆಯನ್ನು ಒಲೆಯಿಂದ ಇಳಿಸಿ ನನ್ನನ್ನೇ ನೋಡಿದರು. ಅವರ ಅಂಗಡಿಗಳಲ್ಲಿ ನಮ್ಮ ಬೇಳೆ ಕೊಳ್ಳುವವರೂ ಹೀಗೆಯೇ ಪೊಟ್ಟಣ ಕತ್ತರಿಸಿ ಸುರಿಯುವವರು. ಕಾನೂನು ಚೀಲದಲ್ಲಿ ಇದ್ದ ಹಾಗೆಯೇ ಬೇಳೆಯನ್ನು ಅಳೆಯುವುದು ಏಕೆಂದು ನನಗೆ ಆಗ ತಿಳಿಯಿತು.

ನಾನು ಊರಿನಿಂದ ಒಂದು ಗಂಟು ಬೇಳೆ ತಂದಿದ್ದೆ, ಅವರಿಗೆ ಒಂದು ದಿನ ಸಾರು ಮಾಡಿ ಬಡಿಸೋಣವೆಂದು. ಆ ಗಂಟನ್ನು ಬಿಚ್ಚಲಿಲ್ಲ.

ಪರೀಕ್ಷೆಯ ಮನೆ

ಮರುದಿನ ಪರೀಕ್ಷೆಯ ಮನೆಗೆ ಹೋದೆವು. ಬಿಳಿ ಕೋಟಿನ ಹುಡುಗಿಯೊಬ್ಬಳು ಎಲ್ಲವನ್ನೂ ತೋರಿಸಿದಳು. ಬೇಳೆಯನ್ನು ಹಿಟ್ಟು ಮಾಡಿ, ಆಸಿಡ್ಡಿನಲ್ಲಿ ಹಾಕಿ ನೀರಿನಂತೆ ಕರಗಿಸುತ್ತಾರೆ. ಆ ನೀರಿನ ಹನಿ ಒಂದು ಪೆಟ್ಟಿಗೆಯೊಳಗೆ ಹೋಗುತ್ತದೆ. ಅದರೊಳಗಿನ ಬೆಂಕಿ ಸೂರ್ಯನ ಮೈಗಿಂತ ಬಿಸಿಯಂತೆ. ಒಂದು ಮೇಜಿನಷ್ಟು ಯಂತ್ರದೊಳಗೆ ಅಂಥ ಬೆಂಕಿ ಇದ್ದರೂ ಆ ಕೋಣೆ ತಣ್ಣಗಿತ್ತು, ನಾನು ಶಾಲು ಹೊದ್ದಿದ್ದೆ. ಆ ಬೆಂಕಿ ದಾಟಿದ ಮೇಲೆ ಬೇಳೆಯಲ್ಲಿ ಏನೇನಿದೆ ಎಂದು ಒಂದೊಂದೇ ಹೆಸರು ಬರುತ್ತದೆ. ಕಬ್ಬಿಣ, ಸತು, ಇವು ಮೈಗೆ ಬೇಕಾದವು. ನಮ್ಮ ತೊಗರಿಯಲ್ಲಿ ಚೆನ್ನಾಗಿವೆ ಎಂದಳು, ನನಗೆ ಹೆಮ್ಮೆಯಾಯಿತು. ಆರ್ಸೆನಿಕ್, ಕ್ಯಾಡ್ಮಿಯಂ ಇರಬಾರದವು. ಅವು ಹೆಚ್ಚಿರಲಿಲ್ಲ. ಸೀಸದ ಸಾಲು ಮಾತ್ರ ಎದ್ದು ನಿಂತಿತ್ತು.

ಅವಳು ಇನ್ನೊಂದು ಕೆಲಸ ಮಾಡಿಟ್ಟಿದ್ದಳು. ಅದೇ ಬೇಳೆಯನ್ನು ಚೆನ್ನಾಗಿ ತೊಳೆದು ಮತ್ತೊಮ್ಮೆ ನೋಡಿದ್ದಳು. ಸೀಸ ಬಹಳ ಕಡಿಮೆಯಾಗಿತ್ತು. ಅಂದರೆ ಗಿಡ ಹೊಲದಿಂದ ಹೀರಿದ್ದಲ್ಲ, ಹೊರಗೆ ಅಂಟಿದ್ದು. ನಮ್ಮ ಹೊಲ ಕೆಟ್ಟಿಲ್ಲ ಎಂದು ನಾನು ಉಸಿರು ಬಿಟ್ಟೆ.

ಆಮೇಲೆ ಆ ಹುಡುಗಿ, ದೊಡ್ಡವರಿಗಿಂತ ಮಕ್ಕಳ ಮೈ ಸೀಸವನ್ನು ಹೆಚ್ಚು ಹೀರುತ್ತದೆ, ಮಿದುಳು ಬೆಳೆಯುವ ವಯಸ್ಸಲ್ಲವೇ, ಅದಕ್ಕೇ ಕಾನೂನು ಇಷ್ಟು ಬಿಗಿ ಎಂದಳು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಕ್ಕಳಿಗೆ ಅಪಾಯ ಹೆಚ್ಚು ಎಂದು ಸೆಲ್ವಿ ಅನುವಾದ ಮಾಡುತ್ತಿದ್ದಳು. ನನ್ನ ಕಣ್ಣಿಗೆ ಕಂಡದ್ದು ಚಿನ್ನಿಯ ಫ್ರಾಕಿನ ಜೇಬು.

ಪರರ ಮನೆಯಲ್ಲಿ ನೀರನ್ನೂ ಕೇಳದವಳು ನಾನು. ಚೀಲದಿಂದ ಗಂಟನ್ನು ತೆಗೆದು ಆ ಹುಡುಗಿಯ ಮೇಜಿನ ಮೇಲೆ ಇಟ್ಟೆ.

"ಇದನ್ನೂ ನೋಡ್ತಾರಾ ಅಂತ ಕೇಳು ಸೆಲ್ವಿ. ನನ್ ಮೊಮ್ಮಗಳು ತಿನ್ನೋದು ಇದೇ ಬೇಳೆ. ಹಸೀದು. ತೊಳೀದೆ."

ಹುಡುಗಿ ಏನನ್ನೂ ಕೇಳದೆ ಗಂಟು ಬಿಚ್ಚಿದಳು.

ಉತ್ತರ ಮಾರನೆಯ ದಿನ ಸಿಕ್ಕಿತು. ಹಡಗಿನ ಬೇಳೆಗಿಂತ ನನ್ನ ಗಂಟಿನದು ಹೆಚ್ಚು. ಹಡಗಿನದನ್ನು ನಾವು ಎರಡೆರಡು ಸಲ ಕೇರಿದ್ದೆವು, ಮನೆಯದಲ್ಲವೇ ಎಂದು ಇದನ್ನು ಹಾಗೇ ಬಿಟ್ಟಿದ್ದೆವು.

ಅಲ್ಲಿ ಮಧ್ಯಾಹ್ನ, ಇಲ್ಲಿ ನಿಮಗೆ ಶಾಲೆ ಬಿಟ್ಟ ಹೊತ್ತು. ಪರೀಕ್ಷೆಯ ಮನೆಯ ಮೆಟ್ಟಿಲ ಮೇಲೆ ನಿಂತು ನಿಮ್ಮಮ್ಮನಿಗೆ ಫೋನ್ ಮಾಡಿದೆ.

"ಲತಾ, ಆ ಬೇಳೆ ಡಬ್ಬಿ ಎತ್ತಿಡು. ಮಗು ಕೈಗೆ ಸಿಗಬಾರದು. ಸಾರಿಗೂ ಬೇಡ."

"ನೀವೇ ಕೊಟ್ಟಿದ್ದಲ್ವಾ ಅತ್ತೆ" ಎಂದಳು. "ಹಸಿ ಬೇಳೆ ತಿನ್ಬೇಡ ಅಂತ ನಾನ್ ಬಡ್ಕೊಂಡಾಗ ಏನಂದ್ರಿ? ಮಣ್ಣು ತಿಂದೇ ನಾವು ಬೆಳೆದಿದ್ದು ಅಂದ್ರಿ."

"ಅಂದೆ. ನೀನು ಹೇಳಿದ್ದೇ ಸರಿ."

ಹೀಗೆ ನಾನು ಅವಳಿಗೆ ಹಿಂದೆ ಯಾವತ್ತೂ ಹೇಳಿರಲಿಲ್ಲ. ಆಮೇಲೆ ಮೆಲ್ಲಗೆ, "ಏನಾಗೈತೆ ಅತ್ತೆ, ಬಿಡಿಸಿ ಹೇಳಿ" ಎಂದಳು. ಹೇಳಿದೆ. ಡಬ್ಬಿಯನ್ನು ಅಟ್ಟಕ್ಕೆ ಎತ್ತುವ ಸದ್ದು, ಚಿನ್ನಿ ಅಳುವ ಸದ್ದು, ಎರಡೂ ಫೋನಿನಲ್ಲಿ ಕೇಳಿದವು.

ಹಿತ್ತಲು

ಅವತ್ತು ಊಟ ಸೇರಲಿಲ್ಲ. ಆನೆಕೆ ನನ್ನನ್ನು ಹಿತ್ತಲಿಗೆ ಕರೆದೊಯ್ದರು. ನೆಲದ ಮಣ್ಣು ಕಪ್ಪಗೆ, ಮುರಿದರೆ ಪುಡಿಯಾಗುವ ಹಾಗೆ ಚೆನ್ನಾಗಿತ್ತು. ಆದರೆ ಹುರುಳಿಕಾಯಿ ಬಳ್ಳಿಗಳು ಇದ್ದದ್ದು ಸೊಂಟದೆತ್ತರದ ಮರದ ಪೆಟ್ಟಿಗೆಗಳಲ್ಲಿ, ಕೊಂಡು ತಂದ ಮಣ್ಣಿನಲ್ಲಿ. ಇಷ್ಟು ಒಳ್ಳೆಯ ನೆಲ ಬಿಟ್ಟು ಪೆಟ್ಟಿಗೆಯಲ್ಲಿ ಏಕೆ ಬೆಳೆಯುತ್ತಾರೆಂದು ಕೇಳಿಸಿದೆ.

ಆ ನೆಲದಲ್ಲಿ ಸೀಸ ಇದೆಯಂತೆ. ಹಳೆಯ ಪಟ್ಟಣ, ನೂರಾರು ವರ್ಷ ಜನ ಬಾಳಿದ ಜಾಗ. ಹಿಂದಿನ ಕಾಲದ ಬಣ್ಣಗಳಿಗೆ ಸೀಸ ಬೆರೆಸುತ್ತಿದ್ದರಂತೆ. ಬಾಗಿಲು, ಕಿಟಕಿಯ ಬಣ್ಣ ಉದುರಿ ಉದುರಿ ಮಣ್ಣು ಸೇರಿದೆ. ಮೊಮ್ಮಕ್ಕಳು ಬಂದರೆ ಆನೆಕೆ ಅವರನ್ನು ಆ ನೆಲದಲ್ಲಿ ಆಡಲು ಬಿಡುವುದಿಲ್ಲ, ಬಿಟ್ಟರೆ ಕೈ ತೊಳೆಸದೆ ಒಳಗೆ ಸೇರಿಸುವುದಿಲ್ಲ. ಈ ಮಾತನ್ನು ಅವರು ನಾಚಿಕೆಯಿಲ್ಲದೆ, ಮಳೆಯ ವಿಷಯ ಹೇಳಿದ ಹಾಗೆ ಹೇಳಿದರು.

ಸೆಲ್ವಿ ಅನುವಾದ ಮುಗಿಸುವ ಮೊದಲೇ ನನ್ನ ಕಣ್ಣೆದುರು ಮುನಿಯಕ್ಕನ ನಡುಮನೆ ಬಂದು ನಿಂತಿತು. ಹಸಿರು ಬಣ್ಣದ ಗೋಡೆ, ಎದೆಯೆತ್ತರದವರೆಗೆ ಎಣ್ಣೆ ಬಣ್ಣ. ನಮ್ಮ ಮಾವ ಹೊಸೂರಿನಿಂದ ಡಬ್ಬಿಗಳಲ್ಲಿ ತರಿಸಿ ಬಳಿಸಿದ್ದು. ಊರಿನಲ್ಲಿ ಮೊದಲ ಎಣ್ಣೆ ಬಣ್ಣದ ಗೋಡೆ ಎಂದು ಆ ಮನೆಗೆ ಹೆಸರಿತ್ತು. ಮೇಲೆ ಮೇಲೆ ಎಷ್ಟು ಸಲ ಬಳಿದಿದ್ದರೋ. ಕೆಡವಿದ ಗೋಡೆಯನ್ನು ಒನಕೆಯಲ್ಲಿ ಕುಟ್ಟಿ ಜರಡಿ ಹಿಡಿದವರು ನಾವೇ. ಹಸಿರು ಚಕ್ಕೆಗಳನ್ನು ಆರಿಸಿ ಎಸೆದಿದ್ದೆವು, ದೊಡ್ಡವನ್ನು ಮಾತ್ರ. ಪುಡಿಯಾದದ್ದು ಮಣ್ಣಿನಲ್ಲಿ ಕಾಣುವುದಿಲ್ಲವಲ್ಲ.

ಮುನಿಯಕ್ಕನಿಗೆ ಹೇಗೆ ಹೇಳುವುದು? ಆ ಗೋಡೆ ಕೆಡವುವ ದಿನ ಅವಳು ಅತ್ತವಳು. ಮಣ್ಣನ್ನಾದರೂ ಊರಿಗೆ ಉಪಯೋಗಕ್ಕೆ ಕೊಟ್ಟೆನೆಂದು ಸಮಾಧಾನ ಮಾಡಿಕೊಂಡವಳು. ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಮೂರನೆಯ ಸಲ ಸೆಲ್ವಿಯೇ ನಂಬರ್ ಒತ್ತಿ ಕಿವಿಗೆ ಹಿಡಿದಳು.

ಎಲ್ಲ ಕೇಳಿಕೊಂಡು ಮುನಿಯಕ್ಕ ಅಂದಳು, "ನಾನು ಈ ಜನ್ಮದಲ್ಲಿ ಹೊಸೂರು ದಾಟಿಲ್ಲ. ನನ್ ಗೋಡೆ ನೋಡು, ಹಡಗು ಹತ್ಬುಟ್ಟೈತೆ."

ನಾನು ಬಾಯಿ ತೆರೆಯುವ ಮುನ್ನ ಅವಳೇ ಕೇಳಿದಳು, "ಚಿನ್ನಿಗೆ ಏನಾದ್ರೂ ಆಗೈತಾ?"

"ರಕ್ತ ಪರೀಕ್ಷೆ ಮಾಡಿಸ್ಬೇಕಕ್ಕ. ಇನ್ನೂ ಗೊತ್ತಿಲ್ಲ."

"ಮಾಡ್ಸು. ಊರ ವಿಷ್ಯ ನಂಗೆ ಬುಡು. ಯಾರ್ ಮನೇಲಿ ಎಷ್ಟ್ ಬೇಳೆ ಐತೋ ನಂಗೆ ಗೊತ್ತು. ನನ್ ಗೋಡೆ, ನಾನೇ ವಾಪಸ್ ತಗತ್ತೀನಿ."

ನಾನು ಅಲ್ಲಿಂದ ಹೊರಡುವಷ್ಟರಲ್ಲಿ ಅವಳು ತಲೆಯ ಮೇಲೆ ಕುಕ್ಕೆ ಹೊತ್ತು ಮನೆಮನೆಗೆ ಹೋಗಿ ಬೇಳೆಯನ್ನೆಲ್ಲ ತಂದು, ಉಳಿದ ಮಣ್ಣನ್ನೂ ಸೇರಿಸಿ ಬೇರೆಯಾಗಿ ಮೂಟೆ ಕಟ್ಟಿಸಿದ್ದಳು. ಅದನ್ನು ಎಲ್ಲಿ ಹೂಳುವುದೆಂದು ಸೆಲ್ವಿ ಬಂದು ತಿಳಿದವರನ್ನು ಕೇಳಿ ಹೇಳುವವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲ.

ಹಡಗಿನ ಬೇಳೆಯನ್ನು ಅಲ್ಲಿಯೇ ಸುಟ್ಟರು. ಅಷ್ಟು ಜನರ ಅಷ್ಟು ದಿನದ ಕೆಲಸ. ಮುಂದಿನ ಬೆಳೆಯನ್ನು ಮಣ್ಣು ಕಟ್ಟದೆ ಕಳಿಸಿದರೆ, ಹುಳ ಬೀಳದಂತೆ ತಾವು ತಣ್ಣನೆಯ ಕೋಣೆಯಲ್ಲಿ ಇಡುವುದಾಗಿ ಆನೆಕೆ ಹೇಳಿದರು. ಬೀಳ್ಕೊಡುವಾಗ ಕಕ್ಕಸಿನ ಕ್ಯಾಲೆಂಡರು ತೋರಿಸಿದರು. ರಾಗಿ ಕೊಯ್ಲು ಎಂದರೆ ಯಾವ ತಿಂಗಳು ಎಂದು ಸೆಲ್ವಿಯನ್ನು ಕೇಳಿ, ಒಂದು ದಿನ ಆರಿಸಿ ನನ್ನ ಹೆಸರು ಬರೆದಿದ್ದರು.

ಮೂಕಂಡಪಲ್ಲಿ

ಉಳಿದದ್ದು ನಿಮಗೆ ಗೊತ್ತು. ಚಿನ್ನಿಯ ತೋಳಿನಿಂದ ರಕ್ತ ತೆಗೆದದ್ದು, ಅವಳು ಆ ನರ್ಸಮ್ಮನನ್ನು ಒದ್ದದ್ದು, ಉತ್ತರ ಬರುವವರೆಗೆ ನಿಮ್ಮಮ್ಮ, ನಾನು ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಅಡುಗೆಮನೆಯಲ್ಲಿ ಓಡಾಡಿದ್ದು. ಸೀಸ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿದೆ ಎಂದರು ಹೊಸೂರಿನ ಡಾಕ್ಟರು. ಒಳಗೆ ಹೋಗುವುದು ನಿಂತಿದೆಯಲ್ಲ, ಮೆಲ್ಲಗೆ ಇಳಿಯುತ್ತದೆ, ಸೊಪ್ಪು, ರಾಗಿ, ಹಾಲು ಚೆನ್ನಾಗಿ ಕೊಡಿ, ಮತ್ತೆ ನೋಡೋಣ ಎಂದರು. ಮತ್ತೆ ನೋಡಿದಾಗ ಇಳಿದಿತ್ತು. ಅವತ್ತು ನಿಮ್ಮಮ್ಮ ನನಗೆ ಕಾಫಿ ಕೊಡುತ್ತಾ, "ಸಕ್ರೆ ಸಾಕಾ ಅತ್ತೆ?" ಎಂದು ಕೇಳಿದಳು.

ಹೋದ ವಾರ ಹೊಸ ಬೇಳೆ ತಂದೆ. ಮಣ್ಣು ಕಟ್ಟಿಲ್ಲ. ಮುನಿಯಕ್ಕ ಕಾಳಿಗೆ ಎಣ್ಣೆ ಸವರಿ ಬಿಸಿಲಲ್ಲಿ ಕಾಯಿಸಿ ಒಡೆದದ್ದು, ಬಣ್ಣ ಬರೀ ಹಳದಿ. ಆನೆಕೆಗೆ ಕಳಿಸುವ ಮೊದಲು ಸಂಘ ಅದನ್ನು ಇಲ್ಲಿಯೇ ಪರೀಕ್ಷೆ ಮಾಡಿಸಿತು. ಈ ಸಲ ಸೀಸದ ಸಾಲು ಏಳಲಿಲ್ಲ. ಡಬ್ಬಿಯ ಹಳೇ ಬೇಳೆ ಆಗಲೇ ಮುನಿಯಕ್ಕನ ಮೂಟೆ ಸೇರಿತ್ತು. ನಾನು ಖಾಲಿ ಡಬ್ಬಿಯನ್ನು ಅಟ್ಟದಿಂದ ಇಳಿಸಿ, ತೊಳೆದು, ಒಣಗಿಸಿ ತುಂಬುತ್ತಿದ್ದೆ. ಚಿನ್ನಿ ಬಂದು ಮೂಗಿಟ್ಟಳು.

"ವಾಸ್ನೇನೇ ಇಲ್ಲ ಅಜ್ಜಿ."

ನಾನೂ ಮೂಗಿಟ್ಟು ನೋಡಿದೆ. ನಿಜ, ಏನೂ ಇರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಮೊದಲಿನ ಹಾಗೆ, ಅವಳ ಕೈಗೆಟುಕುವ ಕೆಳಗಿನ ಗೂಡಿನಲ್ಲೇ ಇಟ್ಟೆ.